ಎರಡೂ ದಡಕ್ಕೆ ಸೇರದ ಮನೆ

ನಮ್ಮ ದೊಡ್ಡಮ್ಮನನ್ನು ಪೇಟೆಯವರು ‘ಆಚೆಯಮ್ಮ’ ಅನ್ನುತ್ತಿದ್ದರು. ಹಳ್ಳದ ಆಚೆ ಇರುವವಳು ಎಂದು ಅರ್ಥ. ಹಳ್ಳದ ಇನ್ನೊಂದು ದಡದಲ್ಲಿದ್ದ ಬಡಾವಣೆಯವರೂ ಅವಳನ್ನು ಆಚೆಯಮ್ಮ ಅಂತಲೇ ಕರೆಯುತ್ತಿದ್ದರು. ತಮ್ಮ ಕಡೆಯವಳು ಎಂದು ಅವಳನ್ನು ಕರೆದವರು ಯಾರೂ ಇರಲಿಲ್ಲ. ಎರಡೂ ದಡದವರ ಅಂಗಿ, ಪ್ಯಾಂಟು, ಹಾಸಿಗೆ ಹೊದಿಕೆ, ಶಾಲೆಯ ಯೂನಿಫಾರ್ಮುಗಳಿಗೆ ಇಸ್ತ್ರಿ ಮಾಡುತ್ತ ಅವಳ ಆಯುಷ್ಯ ಕಳೆಯಿತು.

ಅವಳು ನನ್ನ ಅಮ್ಮನ ಅಕ್ಕ. ಅವಳಿಗೆ ಮಕ್ಕಳಿರಲಿಲ್ಲವಾದ್ದರಿಂದ ರಜೆ ಬಂತೆಂದರೆ ನನ್ನನ್ನು ಅಲ್ಲಿಗೆ ಕಳಿಸುತ್ತಿದ್ದರು. ಹಾಗಾಗಿ ಈ ಕಥೆಯಲ್ಲಿ ಸ್ವಲ್ಪ ನಾನು ನೋಡಿದ್ದು, ಉಳಿದದ್ದು ಅವಳು ಇಸ್ತ್ರಿ ಪೆಟ್ಟಿಗೆ ಆಡಿಸುತ್ತ ಆಡಿಸುತ್ತ ಹೇಳಿದ್ದು.

ಮೊದಲು ಹಳ್ಳದ ವಿಷಯ ಹೇಳಿಬಿಡುತ್ತೇನೆ. ಅದಕ್ಕೆ ಹೆಸರಿರಲಿಲ್ಲ, ಹಳ್ಳ ಅಂದರೆ ಎಲ್ಲರಿಗೂ ಅದೇ. ಬೇಸಗೆಯಲ್ಲಿ ಹರೆಯದವರು ಒಂದೇ ನೆಗೆತಕ್ಕೆ ದಾಟಬಹುದಾದಷ್ಟು ಸಣ್ಣದು. ಊರಿನ ಮೇಲ್ಗಡೆ ಕಲ್ಲುಗಣಿಯ ಇಳಿಜಾರಿನಿಂದ ಹೊರಟು, ತರಕಾರಿ ತೋಟಗಳ ನಡುವೆ ಬಂದು, ಶಾಲೆಯ ಹಿಂದಿನ ಗೋಡೆಗೆ ತಾಗಿಕೊಂಡು, ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯ ಪಕ್ಕದಲ್ಲಿ ಹಾದು, ಬಸ್ ಡಿಪೋ ದಾಟಿ, ರೈಲು ಸೇತುವೆಯ ಕೆಳಗೆ ನುಸುಳಿ ದೊಡ್ಡ ಹೊಳೆಗೆ ಸೇರುತ್ತಿತ್ತು. ಒಂದು ದಡದಲ್ಲಿ ಪೇಟೆ, ಇನ್ನೊಂದು ದಡದಲ್ಲಿ ಬಡಾವಣೆ. ಎರಡಕ್ಕೂ ಬೇರೆ ಬೇರೆ ಪುರಸಭೆ. ಎರಡರ ನಡುವಿನ ಎಲ್ಲೆ ಅಂದರೆ ಹಳ್ಳವೇ.

ಕಾರ್ಖಾನೆ ದಾಟಿದ ಮೇಲೆ ಒಂದು ಕಡೆ ಅದಕ್ಕೆ ಬಂಡೆ ಅಡ್ಡ ಬರುತ್ತಿತ್ತು. ಆ ಬಂಡೆಯನ್ನು ಬಳಸಿಕೊಂಡು ಹಳ್ಳ ಕುಡುಗೋಲಿನ ಹಾಗೆ ಬಡಾವಣೆಯ ಕಡೆಗೆ ಬಾಗಿ, ಮತ್ತೆ ಹಿಂದಕ್ಕೆ ಬಂದು ತನ್ನ ದಾರಿ ಹಿಡಿಯುತ್ತಿತ್ತು. ಆ ಬಾಗಿನ ಒಳಗೆ ನಾಲಗೆಯಂತೆ ಚಾಚಿಕೊಂಡ ಒಂದಿಷ್ಟು ನೆಲ. ಅದು ಪೇಟೆಗೆ ಸೇರಿದ್ದು, ಪೇಟೆಯಿಂದ ಒಣಗಾಲಲ್ಲಿ ನಡೆದು ಬರಬಹುದಾದದ್ದು. ಅಲ್ಲಿ ಬೆರಳೆಣಿಕೆಯ ಮನೆಗಳು. ತುದಿಯ ಮನೆಗೆ ದೊಡ್ಡಮ್ಮ ಸೊಸೆಯಾಗಿ ಬಂದಳು.

ದೊಡ್ಡಪ್ಪ ಬಣ್ಣದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಅವರ ಉಗುರುಗಳ ಅಂಚಿನಲ್ಲಿ ಯಾವಾಗಲೂ ನೀಲಿಯೋ ಹಸಿರೋ ಕೂತಿರುತ್ತಿತ್ತು, ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ. ಅವರ ತಾಯಿ, ಅಂದರೆ ದೊಡ್ಡಮ್ಮನ ಅತ್ತೆ, ಹಿತ್ತಲಿನ ಹಳ್ಳದಲ್ಲಿ ಊರವರ ಬಟ್ಟೆ ಒಗೆದು, ಮನೆಯ ಮುಂದಿನ ಕೋಣೆಯಲ್ಲಿ ಇದ್ದಿಲ ಪೆಟ್ಟಿಗೆಯಿಂದ ಇಸ್ತ್ರಿ ಮಾಡಿ ಕೊಡುತ್ತಿದ್ದಳು. ಬೆಳಿಗ್ಗೆ ಎದ್ದವಳೇ ಹಿತ್ತಲ ಬಾಗಿಲು ತೆಗೆದು ನೀರಿನ ಬಣ್ಣ ನೋಡುವುದು ಅವಳ ಮೊದಲ ಕೆಲಸ. ಕಾರ್ಖಾನೆಯವರು ಯಾವ ಬಣ್ಣ ತೊಳೆದು ಬಿಡುತ್ತಾರೋ ಹಳ್ಳಕ್ಕೆ ಅವತ್ತು ಅದೇ ಬಣ್ಣ.

“ಇವತ್ತು ಕೆಂಪು, ಬಿಳೀದು ಮುಟ್ಟಬೇಡ,” ಎಂದು ಅವಳು ಸೊಸೆಗೆ ಕೂಗಿ ಹೇಳುತ್ತಿದ್ದಳು.

ಹೊಸತರಲ್ಲಿ ಒಮ್ಮೆ ದೊಡ್ಡಮ್ಮ ಆ ಕೂಗು ಕೇಳಿಸಿಕೊಳ್ಳದೆ ಡಾಕ್ಟರ ಮನೆಯ ಹಾಸಿಗೆ ಹೊದಿಕೆಗಳನ್ನೆಲ್ಲ ಅದ್ದಿಬಿಟ್ಟಳು. ಎಲ್ಲ ತೆಳು ಗುಲಾಬಿಯಾಗಿ ಎದ್ದು ಬಂದವು. ಅತ್ತೆ ತಲೆ ಮೇಲೆ ಕೈ ಹೊತ್ತು ಕೂತಳು. ಸೊಸೆ ಅಳುತ್ತ ಹೊದಿಕೆಗಳನ್ನು ಹೊತ್ತುಕೊಂಡು ಹೋದರೆ ಡಾಕ್ಟರ ಹೆಂಡತಿ ಬಿಡಿಸಿ ನೋಡಿ, “ಚೆನ್ನಾಗಿದೆಯಲ್ಲ, ದಿಂಬಿನ ಚೀಲಾನೂ ಹೀಗೇ ಮಾಡಿಕೊಡ್ತೀಯಾ?” ಎಂದು ಕೇಳಿದಳಂತೆ. ಅದನ್ನು ಹೇಳುವಾಗ ಮಾತ್ರ ದೊಡ್ಡಮ್ಮ ನಗುತ್ತಿದ್ದಳು.

ಗಂಡನ ಜೊತೆ ಅವಳು ಸುತ್ತಾಟ ಅಂತ ಹೋದದ್ದು ಒಂದೇ ಸಲ. ಕಾರ್ಖಾನೆಗೆ ರಜೆಯಿದ್ದ ದಿನ ದೊಡ್ಡಪ್ಪ, “ಹಳ್ಳ ಎಲ್ಲಿ ಹುಟ್ಟತ್ತೆ ನೋಡಿಕೊಂಡು ಬರೋಣ ಬಾ,” ಎಂದರು.

ಅತ್ತೆ ಒಳಗಿನಿಂದಲೇ, “ಅಲ್ಲೇನು ನೋಡ್ತೀರಾ? ಬರ್ತಾ ಇದೆಯಲ್ಲ, ಸಾಲದಾ?” ಎಂದಳು.

ಇಬ್ಬರೂ ದಡ ಹಿಡಿದು ಹೊರಟರು. ಕಾರ್ಖಾನೆಯ ಕೊಳವೆಬಾಯಿ ದಾಟಿದ ಮೇಲೆ ನೀರು ಮಣ್ಣಿನ ಬಣ್ಣಕ್ಕೆ ತಿರುಗಿತು. ತೋಟಗಳ ಹತ್ತಿರ ಇನ್ನೂ ತಿಳಿಯಾಯಿತು. ಹೊಸ ಚಪ್ಪಲಿ ಕಚ್ಚಿ ದೊಡ್ಡಮ್ಮ ಅದನ್ನು ಕೈಯಲ್ಲಿ ಹಿಡಿದು ನಡೆದಳು. ಕಲ್ಲುಗಣಿಯ ಕೆಳಗೆ ಹೋಗಿ ನೋಡಿದರೆ ಒಂದು ಬಂಡೆ, ಬಂಡೆಯಲ್ಲೊಂದು ಬಿರುಕು, ಬಿರುಕಿನಿಂದ ಬೆವರಿನಂತೆ ಜಿನುಗುವ ನೀರು. ಅಷ್ಟೇ. ಅಷ್ಟು ದೂರ ನಡೆದು ಬಂದದ್ದು ಇದಕ್ಕಾ ಎಂದು ಅವಳಿಗೆ ಸಿಟ್ಟು ಬಂತು. ದೊಡ್ಡಪ್ಪ ಮಾತ್ರ ಬೊಗಸೆಯೊಡ್ಡಿ, ಅದು ತುಂಬುವವರೆಗೂ ಕಾದು, ಕುಡಿದು, “ಇಲ್ಲಿ ಇದಕ್ಕೆ ಬಣ್ಣ ಇಲ್ಲ ನೋಡು,” ಎಂದರು. ವಾಪಸು ಬರುವಾಗ ಕಾಲು ನೋವು ಎಂದು ಅವಳು ದಾರಿಯುದ್ದಕ್ಕೂ ಗೊಣಗಿದಳು. ಅವರು ಅವಳ ಚಪ್ಪಲಿ ಹಿಡಿದುಕೊಂಡು ಸುಮ್ಮನೆ ಪಕ್ಕದಲ್ಲಿ ನಡೆದರು.

ಅದಾಗಿ ಕೆಲವು ವರ್ಷಕ್ಕೆ ಒಂದು ಭಾರಿ ಮಳೆಗಾಲ ಬಂತು. ಬಾಗಿನಲ್ಲಿ ಸುತ್ತಿ ಬರಬೇಕಾದ ನೀರು ಹಿಂದಕ್ಕೆ ಒತ್ತಿಕೊಂಡು ಕಾರ್ಖಾನೆಯ ಅಂಗಳಕ್ಕೆ ನುಗ್ಗಿತು. ಡಿಪೋದಲ್ಲಿ ನಿಂತಿದ್ದ ಬಸ್ಸುಗಳ ಚಕ್ರ ಮುಳುಗಿತು. ಮಳೆ ನಿಂತ ಮೇಲೆ ಎಂಜಿನಿಯರು ಬಂದು ನೋಡಿ, ಈ ಬಾಗೇ ಬೇಡ, ಹಳ್ಳವನ್ನು ನೆಟ್ಟಗೆ ಮಾಡಿಬಿಡೋಣ ಎಂದು ತೀರ್ಮಾನಿಸಿದರು. ನಾಲಗೆಯಂಥ ಆ ನೆಲದ ಬುಡ, ಪೇಟೆಗೆ ಅಂಟಿಕೊಂಡ ಜಾಗ, ಸಪೂರವಾಗಿತ್ತು. ಅಲ್ಲಿ ಯಂತ್ರ ತಂದು, ಬಂಡೆ ಒಡೆದು ಕಾಲುವೆ ತೋಡಿದರು. ಅಲ್ಲಿನ ಮನೆಯವರನ್ನು ಯಾರೂ ಏನೂ ಕೇಳಲಿಲ್ಲ. ಎದುರಾದರೆ, “ಇನ್ನು ನಿಮಗೆ ನೆರೆ ಬರಲ್ಲ,” ಎಂದರು. ಅದು ನಿಜವೇ ಆಗಿತ್ತು.

ಮಣ್ಣಿನ ಒಡ್ಡು ತೆಗೆದ ದಿನ ಎಲ್ಲರೂ ನೋಡಲು ನಿಂತಿದ್ದರಂತೆ. ನೀರು ಹೊಸ ಕಾಲುವೆಯ ಬಾಯಿಗೆ ಬಂದು ಸ್ವಲ್ಪ ಹೊತ್ತು ಸುಳಿ ಸುತ್ತಿ, ಆಮೇಲೆ ಹೊರಟೇ ಹೋಯಿತು. ಸಂಜೆಯ ಹೊತ್ತಿಗೆ ಹಿತ್ತಲಿನ ಹಳೆಯ ಪಾತ್ರದಲ್ಲಿ ಬರೀ ಹೊಂಡಗಳು. ಹೊಂಡಗಳಲ್ಲಿ ಒದ್ದಾಡುವ ಮೀನುಗಳನ್ನು ಬುಟ್ಟಿ ತಂದವರು ತುಂಬಿಕೊಂಡು ಹೋದರು. ಉಳಿದವು ಕೊಳೆತು ವಾರಗಟ್ಟಲೆ ನಾತ.

ಅತ್ತೆ ಹಿತ್ತಲಲ್ಲಿ ನಿಂತು ಖಾಲಿ ಪಾತ್ರ ನೋಡಿದಳು, ಮುಂಬಾಗಿಲಿಗೆ ಬಂದು ಹೊಸ ಕಾಲುವೆ ನೋಡಿದಳು. “ಹಿಂದುಗಡೆ ಇದ್ದದ್ದನ್ನ ತಂದು ಮುಂದುಗಡೆ ಇಟ್ಟಿದಾರೆ,” ಎಂದಳು. “ಇನ್ನು ಪೇಟೆಗೆ ಹೋಗಬೇಕು ಅಂದ್ರೆ ಕಾಲು ನೆನೆಸಬೇಕು.”

ಕಾಲು ನೆನೆಯುವುದು ದೊಡ್ಡ ವಿಷಯವಲ್ಲ. ನಿಜವಾದ ತೊಂದರೆ ಆಮೇಲೆ ತಿಳಿಯಿತು. ಪೇಟೆಯ ಕಸದ ಗಾಡಿ ಬರುವುದು ನಿಂತಿತು. ಬೀದಿಯ ನಲ್ಲಿ ಕೆಟ್ಟಾಗ ರಿಪೇರಿಗೆ ಯಾರೂ ಬರಲಿಲ್ಲ. ದೊಡ್ಡಪ್ಪ ಪೇಟೆಯ ಪುರಸಭೆಗೆ ಹೋಗಿ ಕೇಳಿದರೆ ಅಲ್ಲಿನ ಗುಮಾಸ್ತರು, “ನಮ್ಮ ಎಲ್ಲೆ ಹಳ್ಳದವರೆಗೆ ಮಾತ್ರ. ನಿಮ್ಮನೆ ಹಳ್ಳದ ಆಚೆ ಇದೆ. ಬಡಾವಣೆಯವರನ್ನ ಕೇಳಿ,” ಎಂದರು. ಬಡಾವಣೆಯ ಗುಮಾಸ್ತರು ಗೋಡೆಯ ಮೇಲಿನ ನಕಾಶೆ ತೋರಿಸಿ, “ನೋಡಿ, ಹಳ್ಳ ಹೀಗೆ ಬಾಗಿದೆ. ನಿಮ್ಮನೆ ಬಾಗಿನ ಆಚೆ. ನೀವು ಪೇಟೆಯವರು,” ಎಂದರು.

“ಆ ಬಾಗು ಈಗ ಇಲ್ವಲ್ಲ ಸಾರ್.”

“ನಕಾಶೆಯಲ್ಲಿ ಇದೆಯಲ್ಲ.”

ಒಬ್ಬರು ನೆಲ ನೋಡಿ ನಮ್ಮವರಲ್ಲ ಅಂದರು, ಇನ್ನೊಬ್ಬರು ನಕಾಶೆ ನೋಡಿ ನಮ್ಮವರಲ್ಲ ಅಂದರು. ಚುನಾವಣೆಯ ಹೊತ್ತಿಗೆ ಮಾತ್ರ ಎರಡೂ ಕಡೆಯ ಅಭ್ಯರ್ಥಿಗಳು ಬಂದು ಕೈಮುಗಿದು ಹೋಗುತ್ತಿದ್ದರು.

ಉಳಿದ ಮನೆಯವರು ಒಬ್ಬೊಬ್ಬರಾಗಿ ಬಿಟ್ಟು ಹೋದರು. ಅವರ ಮನೆಗಳ ಮಾಡು ಬಿದ್ದು ಗೋಡೆಗಳಲ್ಲಿ ಗಿಡ ಹುಟ್ಟಿತು. ಇವರೇಕೆ ಹೋಗಲಿಲ್ಲ ಎಂದು ನಾನು ಕೇಳಿದ್ದೇನೆ. ಮೊದಲು ಅತ್ತೆ ಒಪ್ಪಲಿಲ್ಲ. ಅವಳು ತೀರಿಕೊಂಡ ಮೇಲೆ ಹೋಗೋಣ ಅಂದುಕೊಳ್ಳುವಷ್ಟರಲ್ಲಿ ದೊಡ್ಡಪ್ಪನಿಗೆ ಕೆಮ್ಮು ಹಿಡಿಯಿತು. ಬಣ್ಣದ ಆವಿ ಕುಡಿದ ಎದೆ, ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಕಾರ್ಖಾನೆ ಬಿಟ್ಟು ಮನೆಯಲ್ಲಿ ಕೂತರು. “ಆಮೇಲೆ ಹೊರಡೋಕೆ ತ್ರಾಣ ಎಲ್ಲಿತ್ತು? ಗಂಟು ಕಟ್ಟೋದೂ ಒಂದು ಕೆಲಸಾನೇ ಅಲ್ವಾ?” ಎಂದಳು ದೊಡ್ಡಮ್ಮ.

ಹಿತ್ತಲಲ್ಲಿ ಹಳ್ಳ ಇಲ್ಲದ್ದರಿಂದ ಒಗೆಯುವ ಕೆಲಸ ನಿಂತು ಇಸ್ತ್ರಿ ಒಂದೇ ಉಳಿಯಿತು. ಕುಡಿಯುವ ನೀರನ್ನು ಅವಳು ಡಿಪೋದ ನಲ್ಲಿಯಿಂದ ಹೊತ್ತು ತರುತ್ತಿದ್ದಳು. ಡಿಪೋದ ಮೇಸ್ತ್ರಿ ಒಳ್ಳೆಯವರು, ಗೇಟಿನವನಿಗೆ ಹೇಳಿಟ್ಟಿದ್ದರು. ನಸುಕಿಗೇ ಇದ್ದಿಲು ಹೊತ್ತಿಸಿ ಪೆಟ್ಟಿಗೆಗೆ ಕೆಂಡ ತುಂಬಿದರೆ ಮಧ್ಯಾಹ್ನದವರೆಗೂ ನಿಂತೇ ಇರುತ್ತಿದ್ದಳು. ಊಟವಾದ ಮೇಲೆ ಗಂಟುಗಳನ್ನು ಹೊತ್ತು ಒಂದು ದಿನ ಪೇಟೆ, ಒಂದು ದಿನ ಬಡಾವಣೆ. ನಿಂತು ನಿಂತು ಕಾಲಿನ ನರಗಳು ಹಗ್ಗದ ಹಾಗೆ ಉಬ್ಬಿದ್ದವು. ನಾನು ರಜೆಗೆ ಹೋದಾಗ ಎಣ್ಣೆ ಹಚ್ಚಿ ನೀವುತ್ತಿದ್ದೆ. “ಮೇಲೆ ಬೇಡ, ಹಿಮ್ಮಡಿ ಹತ್ತಿರ ಒತ್ತು,” ಎನ್ನುತ್ತಿದ್ದವಳು ಹಾಗೆಯೇ ಕೂತಲ್ಲೇ ನಿದ್ದೆ ಹೋಗುತ್ತಿದ್ದಳು.

ನಡುವೆ ಒಂದು ಸೇತುವೆ ಬಂತು. ಬಡಾವಣೆಯಿಂದ ಡಿಪೋಗೆ ಕೆಲಸಕ್ಕೆ ಬರುವವರು ಒಣಗಿದ ಹಳೆಯ ಪಾತ್ರ ದಾಟಿ, ದೊಡ್ಡಮ್ಮನ ಮನೆಯ ಮುಂದೆ ಹಾದು, ಕಾಲುವೆಗೆ ಇಳಿದು ಹತ್ತುತ್ತಿದ್ದರು. ಅವರಿಗಾಗಿ ಡಿಪೋದವರೇ ಒಂದು ಕಾಲುಸೇತುವೆ ಕಟ್ಟಿಸಿದರು, ಇಬ್ಬರು ಎದುರಾದರೆ ಒಬ್ಬರು ಓರೆಯಾಗಿ ನಿಲ್ಲಬೇಕಾದಷ್ಟು ಅಗಲದ್ದು. ಪೇಟೆಯ ಪುರಸಭೆ ಅದರ ಕಟಾಂಜನಕ್ಕೂ ನೆಲಕ್ಕೂ ಹಸಿರು ಬಣ್ಣ ಬಳಿಸಿತು, ಸರಿಯಾಗಿ ಅರ್ಧದವರೆಗೆ. ಉಳಿದರ್ಧ ತಮ್ಮದಲ್ಲ ಎಂದು ಬಡಾವಣೆಯವರು ಬಳಿಸಲಿಲ್ಲ. ಅದು ಹಾಗೇ ಬೂದು ಬಣ್ಣದಲ್ಲಿ ಉಳಿಯಿತು.

ದೊಡ್ಡಪ್ಪ ತೀರಿಕೊಂಡದ್ದು ನಾನು ಕಾಲೇಜು ಸೇರಿದ ವರ್ಷ. ಬೆಳಗಿನ ಹೊತ್ತು, ಅವಳು ಪೆಟ್ಟಿಗೆಗೆ ಕೆಂಡ ತುಂಬುತ್ತಿದ್ದಳು. “ಕಿಟಕಿ ತೆಗಿ,” ಎಂದರಂತೆ. ತೆಗೆದು ಬರುವಷ್ಟರಲ್ಲಿ ಆಗಿಹೋಗಿತ್ತು. ಅದಕ್ಕೆ ಮುಂಚೆ ಒಮ್ಮೆ ಅವರಿಗೆ ಉಸಿರು ಕಟ್ಟಿದಾಗ ಪೇಟೆಯ ಆಂಬುಲೆನ್ಸಿನವರು ಸೇತುವೆಯ ಮೇಲೆ ಹಸಿರು ಬಣ್ಣ ಮುಗಿಯುವಲ್ಲಿ ನಿಂತು, ಇಲ್ಲಿಗೆ ಕರೆದುಕೊಂಡು ಬನ್ನಿ, ನಾವು ದಾಟುವ ಹಾಗಿಲ್ಲ ಎಂದಿದ್ದರು. ಆಗ ಡಿಪೋದ ಮೇಸ್ತ್ರಿ ಮತ್ತು ಇಬ್ಬರು ಮೆಕ್ಯಾನಿಕ್ಕರು ಅವರನ್ನು ಕುರ್ಚಿಯಲ್ಲಿ ಕೂರಿಸಿ ಎತ್ತಿಕೊಂಡು ದಾಟಿಸಿದ್ದರು. ಈ ಸಲ ಯಾರನ್ನೂ ಕರೆಯುವ ಅಗತ್ಯ ಬೀಳಲಿಲ್ಲ.

ಮನೆ ದೊಡ್ಡಪ್ಪನ ಹೆಸರಿನಲ್ಲಿತ್ತು. ಅದು ದೊಡ್ಡಮ್ಮನ ಹೆಸರಿಗೆ ಆಗಬೇಕಾದರೆ ಅವರು ಸತ್ತಿದ್ದಾರೆ ಎಂದು ಪುರಸಭೆಯವರು ಬರೆದುಕೊಡಬೇಕಿತ್ತು. ಯಾವ ಪುರಸಭೆ ಎಂಬಲ್ಲಿಗೆ ಮತ್ತೆ ಹಳೆಯ ರಾಗ ಶುರುವಾಯಿತು.

ಒಂದು ದಿನ ನಾನೂ ಜೊತೆಗೆ ಹೋಗಿದ್ದೆ. ಮೊದಲು ಪೇಟೆಯ ಕಚೇರಿ. ಉದ್ದನೆಯ ಬೆಂಚು, ಕಂಬಿಯ ಹಿಂದೆ ಮೇಜು, ಮೇಜಿನ ಮೇಲೆ ಕಾಗದ ಹಾರದಂತೆ ಇಟ್ಟ ಗುಂಡುಕಲ್ಲು. ಗುಮಾಸ್ತರು ಹಾಕಿಕೊಂಡಿದ್ದ ಅಂಗಿ ದೊಡ್ಡಮ್ಮನೇ ಇಸ್ತ್ರಿ ಮಾಡಿದ್ದು. ನನಗೆ ಗುರುತು ಸಿಕ್ಕಿತು, ಜೇಬಿನ ಕೆಳಗೆ ಶಾಯಿಯ ಕಲೆ ಇತ್ತು.

“ಎಲ್ಲಿ ತೀರಿಕೊಂಡ್ರು?”

“ಮನೆಯಲ್ಲಿ.”

“ಅದೇ ಕಷ್ಟ ನೋಡಿ. ಆಸ್ಪತ್ರೆಯಲ್ಲಾಗಿದ್ರೆ ಅವರೇ ಬರೆದುಕೊಡ್ತಿದ್ರು. ಹಳ್ಳದ ಆಚೆ ಆದದ್ದು ನಮಗೆ ಸೇರಲ್ಲಮ್ಮ.”

ಅಲ್ಲಿಂದ ಸೇತುವೆ ದಾಟಿ, ಮನೆಯ ಮುಂದೆಯೇ ಹಾದು, ಬಡಾವಣೆಯ ಕಚೇರಿಗೆ ನಡೆದೆವು. ಅಲ್ಲಿನ ಗುಮಾಸ್ತರು ವಯಸ್ಸಾದವರು, ಮೃದು ಮಾತು. ದೊಡ್ಡಮ್ಮನಿಗೆ ಕುರ್ಚಿ ಹಾಕಿಸಿದರು. “ನಿಮ್ಮ ಕಷ್ಟ ಅರ್ಥ ಆಗತ್ತೆ,” ಎಂದರು. “ಆದ್ರೆ ನಮ್ಮ ದಾಖಲೆ ಪ್ರಕಾರ ನಿಮ್ಮ ಯಜಮಾನರು ಇಲ್ಲಿ ಇದ್ದೇ ಇರಲಿಲ್ಲ. ಇಲ್ಲಿ ಇಲ್ಲದವರು ಇಲ್ಲಿ ಸತ್ತರು ಅಂತ ನಾನು ಹೇಗೆ ಬರೀಲಿ?”

“ಹಾಗಾದ್ರೆ ಅವರು ಇನ್ನೂ ಇದಾರಾ ಸಾರ್?” ಎಂದಳು ದೊಡ್ಡಮ್ಮ.

ಅವಳು ಚುಚ್ಚಿ ಮಾತಾಡಲಿಲ್ಲ. ದಣಿದವಳು ದಾರಿ ಕೇಳುವ ಹಾಗೆ ಕೇಳಿದಳು. ಗುಮಾಸ್ತರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. ನಾವು ಎದ್ದು ಬಂದೆವು.

ಮಾರನೆಯ ಬೆಳಿಗ್ಗೆ ಅವಳ ಕಾಲು ಬಾತುಕೊಂಡು ಚಪ್ಪಲಿಯೊಳಗೆ ಹೋಗಲಿಲ್ಲ. ಕೊಡಬೇಕಾದ ಬಟ್ಟೆ ರಾಶಿ ಬಿದ್ದಿತ್ತು. ಅವಳು ಇಸ್ತ್ರಿ ಮೇಜಿನ ಮೇಲಿನ ಕಂಬಳಿ ಮಡಿಸಿ, “ಒಂದು ಕಡೆ ಹಿಡಿ,” ಎಂದಳು. ಡಿಪೋದ ಕಡೆ ನೆರಳಿಗೆ ಒಯ್ಯುತ್ತಾಳೆ ಅಂದುಕೊಂಡು ನಾನು ಹಿಡಿದೆ. ಸೇತುವೆಯ ನಡುವೆ, ಹಸಿರು ಬಣ್ಣ ಮುಗಿದು ಬೂದು ಶುರುವಾಗುವಲ್ಲಿ, ಅವಳು ಮೇಜು ಇಳಿಸಿದಳು.

“ಸಾಕು, ಇಲ್ಲೇ ಇರಲಿ.”

“ಇಲ್ಲಿ ಯಾಕೆ ದೊಡ್ಡಮ್ಮ? ಜನ ಓಡಾಡಬೇಕು.”

“ಆ ಕಡೆ ಹೋಗೋಕೂ ಆಗಲ್ಲ, ಈ ಕಡೆ ಹೋಗೋಕೂ ಆಗಲ್ಲ. ನನ್ನಿಂದ ಇನ್ನು ಆಗಲ್ಲ ಕಣೆ. ಬೇಕಾದವರು ಬರಲಿ.”

ಕೆಂಡದ ಪೆಟ್ಟಿಗೆ ತಂದಳು, ನೀರು ಚಿಮುಕಿಸುವ ಚೊಂಬು ತಂದಳು, ಕಂಬಳಿ ಹಾಸಿ ಮೊದಲ ಅಂಗಿ ಹರವಿದಳು. ಡಿಪೋಗೆ ಹೋಗುವವರು ಮೇಜಿನ ಪಕ್ಕ ಹೊಟ್ಟೆ ಒಳಗೆಳೆದುಕೊಂಡು ನುಸುಳಬೇಕಾಯಿತು. ಸೈಕಲ್ಲಿನವರು ಸೈಕಲ್ಲನ್ನು ತಲೆಯ ಮೇಲೆತ್ತಿ ದಾಟಿಸಿದರು. ಕೆಲವರು ಗೊಣಗಿದರು. ಅವಳು, “ನಿಮ್ಮ ಬಟ್ಟೆ ಆಗಿದೆ, ತಗೊಂಡು ಹೋಗಿ,” ಎಂದು ಆಯಾ ಮನೆಯವರಿಗೆ ಅಲ್ಲೇ ಗಂಟು ಕೊಟ್ಟಳು. ಎರಡು ಗಂಟು ಮಾತ್ರ ಮೇಜಿನ ಕೆಳಗೆ ಉಳಿದವು. ಅವು ಎರಡೂ ಪುರಸಭೆಯ ಗುಮಾಸ್ತರದ್ದು. ಅವರ ಮನೆಯವರು ಬಂದು ಕೇಳಿದರೆ, “ಅವರೇ ಬಂದು ತಗೊಳ್ಳಲಿ,” ಎಂದಳು.

ಮರುದಿನವೂ ಮೇಜು ಅಲ್ಲೇ. ಅದರ ಮರುದಿನವೂ. ಡಿಪೋದ ಮೇಸ್ತ್ರಿ ಬಂದು ತಲೆಯ ಮೇಲೆ ಒಂದು ಟಾರ್ಪಾಲು ಕಟ್ಟಿಸಿಕೊಟ್ಟರು. “ಬಿಸಿಲಿದೆ ಅಕ್ಕ,” ಎಂದರು. ನನಗೋ ನಾಚಿಕೆ. ಯಾರಾದರೂ ಗುರುತಿನವರು ಕಂಡರೆ ಮುಖ ಆಚೆ ತಿರುಗಿಸುತ್ತಿದ್ದೆ. ದೊಡ್ಡಮ್ಮನ ಮುಖದಲ್ಲಿ ಹಟವೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಕಾಲರು, ತೋಳು, ಬೆನ್ನು, ಮುಂಭಾಗ, ಮಡಿಕೆ. ಮತ್ತೆ ಇನ್ನೊಂದು ಕಾಲರು. ಕೆಳಗೆ ಹಳ್ಳ ತನ್ನ ಪಾಡಿಗೆ ಹರಿಯುತ್ತಿತ್ತು, ಅವತ್ತು ಯಾವುದೋ ಕಂದು ಬಣ್ಣ.

ಕೊನೆಗೆ ದೂರು ಹೋಗಿ ಪೇಟೆಯ ಪುರಸಭೆಯಿಂದ ಕಾವಲುಗಾರನೊಬ್ಬ ಬಂದ. ಹಸಿರು ಬಣ್ಣದ ಮೇಲೆ ನಿಂತು, “ಅಮ್ಮಾ, ಇದು ನಮ್ಮ ಸೇತುವೆ. ಮೇಜು ತೆಗೀರಿ,” ಎಂದ.

“ನಾನು ಬಣ್ಣದ ಆಚೆ ನಿಂತಿದೀನಿ ನೋಡಪ್ಪ.”

ಅವನು ಬಗ್ಗಿ ನೋಡಿದ. “ಮೇಜಿನ ಎರಡು ಕಾಲು ನಮ್ಮ ಕಡೆ ಇವೆ.”

“ಹಾಗಾದ್ರೆ ಅಷ್ಟರಮಟ್ಟಿಗೆ ನಾನು ನಿಮ್ಮವಳು ಅಂತ ಬರೆದುಕೊಡ್ತೀಯಾ?”

ಕಾವಲುಗಾರ ತಲೆ ಕೆರೆದುಕೊಂಡ. ಅವನ ಯೂನಿಫಾರ್ಮಿನ ತೋಳು ಸುಕ್ಕಾಗಿತ್ತು. “ಬಿಚ್ಚಿ ಕೊಡು, ಬಂದದ್ದು ಬಂದಿದೀಯ,” ಎಂದಳು ದೊಡ್ಡಮ್ಮ. ಅವನು ಬನಿಯನ್ನಿನಲ್ಲಿ ನಿಂತಿದ್ದು, ಇಸ್ತ್ರಿಯಾದ ಅಂಗಿ ಹಾಕಿಕೊಂಡು, ನಮಸ್ಕಾರ ಹೇಳಿ ಹೋದ.

ಅವನು ಹೋಗಿ ಏನು ಹೇಳಿದನೋ, ಆ ವಾರದ ಕೊನೆಗೆ ಪೇಟೆಯ ಗುಮಾಸ್ತರು ಬಂದರು. ಅದೇ ಹೊತ್ತಿಗೆ ಆ ಕಡೆಯಿಂದ ಬಡಾವಣೆಯ ಗುಮಾಸ್ತರೂ ಬಂದರು, ಬಡಾವಣೆಯವರೂ ದೂರು ಕೊಟ್ಟಿದ್ದರು. ಇಬ್ಬರ ಅಂಗಿಯೂ ಮುದುಡಿಕೊಂಡಿತ್ತು. ಮೇಜಿನ ಈ ಬದಿಗೊಬ್ಬರು ಆ ಬದಿಗೊಬ್ಬರು ನಿಂತರು.

“ಈ ಮೇಜನ್ನ ಸ್ವಲ್ಪ ನಿಮ್ಮ ಕಡೆ ಎಳ್ಕೊಳ್ಳಿ,” ಎಂದರು ಪೇಟೆಯವರು.

“ನಮ್ಮ ಕಡೆ ಅಂತ ಯಾರು ಹೇಳಿದ್ದು? ಆ ಮನೆ ನಿಮ್ಮದು.”

“ಹಳ್ಳದ ಆಚೆ ಇರೋದು ನಮ್ಮದು ಹೇಗಾಗತ್ತೆ ಸ್ವಾಮಿ?”

“ನೀವೇ ಅಲ್ವಾ ಹಳ್ಳಾನ ಇಲ್ಲಿಗೆ ತಂದದ್ದು?”

ಹೀಗೆ ಸ್ವಲ್ಪ ಹೊತ್ತು ನಡೆಯಿತು. ಇಷ್ಟು ವರ್ಷ ಈ ಇಬ್ಬರು ಒಬ್ಬರಿಗೊಬ್ಬರು ಮಾತೇ ಆಡಿರಲಿಲ್ಲ ಎಂದು ನನಗೆ ಆಗ ಹೊಳೆಯಿತು. ನಡುವೆ ಓಡಾಡಿದ್ದೆಲ್ಲ ದೊಡ್ಡಪ್ಪ ಮತ್ತು ದೊಡ್ಡಮ್ಮ. ಅವಳು ಅವರ ಮಾತಿಗೆ ಕಿವಿಗೊಡದೆ ಎರಡು ಗಂಟು ಎತ್ತಿ ಮೇಜಿನ ಮೇಲಿಟ್ಟಳು. ಆಮೇಲೆ ಕಟಾಂಜನಕ್ಕೆ ಒರಗಿ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಕಾಲು ಚಾಚಲು ಜಾಗವಿರಲಿಲ್ಲ. ಬಾತ ಪಾದಗಳು ಬಡಾವಣೆಯ ಗುಮಾಸ್ತರ ಬೂಟಿನ ಪಕ್ಕಕ್ಕೆ ಬಂದವು. ಅವರು ತಮ್ಮ ಕಾಲು ಹಿಂದಕ್ಕೆ ತೆಗೆದುಕೊಂಡರು.

“ಸರ್ವೆಯವರನ್ನ ಕರೆಸೋಣ,” ಎಂದರು ವಯಸ್ಸಾದವರು ಕೊನೆಗೆ. “ಇಬ್ಬರೂ ಸೇರಿ ಬರೆಯೋಣ. ಒಬ್ಬರೇ ಬರೆದ್ರೆ ಅದು ಎಲ್ಲೋ ಬಿದ್ದಿರತ್ತೆ.”

ಪೇಟೆಯವರು ಸ್ವಲ್ಪ ಯೋಚಿಸಿ, “ಬರೆಯೋಣ,” ಎಂದರು.

ಸರ್ವೆ ಇಲಾಖೆಯಿಂದ ಬಂದದ್ದು ಒಬ್ಬ ಹೆಂಗಸು, ಬಿಸಿಲಿಗೆ ಕಪ್ಪಿಟ್ಟ ಮುಖ, ಸೊಂಟಕ್ಕೆ ಪಟ್ಟಿ ಬಿಗಿದವರು. ಅಷ್ಟರಲ್ಲಿ ಮೇಜು ಮನೆಗೆ ವಾಪಸಾಗಿತ್ತು. ಅವರು ಹಳೆಯ ಪಾತ್ರದ ಉದ್ದಕ್ಕೂ ಮುಳ್ಳುಕಂಟಿಯೊಳಗೆ ನಡೆದು, ಬಂಡೆ ಒಡೆದ ಗುರುತು ನೋಡಿ, ಕೋಲು ನೆಟ್ಟು ಅಳೆದು, ದಣಿದು ಬಂದು ದೊಡ್ಡಮ್ಮನ ಹೊಸ್ತಿಲ ಮೇಲೆ ಕೂತರು. ದೊಡ್ಡಮ್ಮ ಟೀ ಕೊಟ್ಟಳು.

“ನಿಮಗೂ ಸೊಂಟ ನೋವಾ?” ಎಂದು ಕೇಳಿದಳು.

“ದಿನವೆಲ್ಲ ನಡೆಯೋದೇ ಕೆಲಸ ಅಲ್ವಾ ಅಕ್ಕ,” ಎಂದರು ಅವರು. ಟೀ ಕುಡಿದು ಮುಗಿಸಿ ನಿಧಾನವಾಗಿ ವಿವರಿಸಿದರು. ಹಳ್ಳ ತಾನಾಗಿ, ವರ್ಷಕ್ಕಿಷ್ಟು ದಡ ಕೊರೆದುಕೊಂಡು ಪಕ್ಕಕ್ಕೆ ಸರಿದರೆ ಎಲ್ಲೆಯೂ ಅದರ ಜೊತೆ ಸರಿಯುತ್ತದಂತೆ. ಮನುಷ್ಯರು ಅಗೆದು ಬೇರೆ ಕಡೆ ತಿರುಗಿಸಿದರೆ ಎಲ್ಲೆ ಮೊದಲಿದ್ದಲ್ಲೇ ಉಳಿಯುತ್ತದಂತೆ. ಅಲ್ಲಿನ ನಿಯಮ ಹಾಗಿತ್ತು. “ಇದು ಯಾವತ್ತೂ ಪೇಟೆಯ ಜಾಗವೇ. ಕಾಲುವೆ ತೋಡಿದ ಮೇಲೂ. ಹಾಗಂತ ವರದಿ ಕೊಡ್ತೀನಿ.”

ದೊಡ್ಡಮ್ಮ ಲೋಟ ಹಿಡಿದುಕೊಂಡು ನಿಂತೇ ಇದ್ದಳು.

“ಅಂದ್ರೆ ನಮ್ಮನೆಯವರು ಓಡಾಡ್ತಿದ್ದಾಗಲೂ ಇದು ಪೇಟೆಯದ್ದೇ?”

“ಹೌದಕ್ಕ.”

“ಅಷ್ಟು ಹೇಳೋಕೆ ಯಾರಿಗೂ ಆಗಲಿಲ್ವಲ್ಲ,” ಎಂದಳು. ಲೋಟ ತೊಳೆದಿಟ್ಟು ಒಳಗೆ ಹೋಗಿ ಮಲಗಿದಳು. ಸಂತೋಷಪಡುತ್ತಾಳೆ ಎಂದು ನಾನು ಕಾದೆ. ಅವಳು ಮಧ್ಯಾಹ್ನವೆಲ್ಲ ಮಲಗಿದ್ದಳು, ಎದ್ದವಳು ಕೆಂಡ ಹೊತ್ತಿಸಿದಳು.

ಪೇಟೆಯ ಗುಮಾಸ್ತರು ತಾವೇ ಬಂದು ಮರಣದ ಪತ್ರ ಕೊಟ್ಟು ಹೋದರು. ಮನೆ ಅವಳ ಹೆಸರಿಗಾಯಿತು. ಆಮೇಲೆ ಎರಡೂ ಪುರಸಭೆಯವರು ಕೂತು ಮಾತಾಡಿಕೊಂಡು, ಹೇಗೂ ನೀರಿನ ಕೊಳವೆ, ತಂತಿ ಎಲ್ಲ ಬಡಾವಣೆಯ ಕಡೆಯಿಂದ ಬರುವುದು ಸುಲಭ ಎಂದು ಆ ನಾಲಗೆಯಂಥ ನೆಲವನ್ನು ಬಡಾವಣೆಗೆ ಸೇರಿಸಿದರು. ಹಾಗಾಗಿ ದೊಡ್ಡಪ್ಪ ಸತ್ತದ್ದು ಪೇಟೆಯಲ್ಲಿ, ದೊಡ್ಡಮ್ಮ ಇರುವುದು ಬಡಾವಣೆಯಲ್ಲಿ, ಮನೆ ಮಾತ್ರ ಒಂದೇ. ಮನೆಗೆ ನಲ್ಲಿ ಬಂತು, ಬಾಗಿಲ ಮುಂದೆ ದೀಪದ ಕಂಬ ಬಂತು. ಹಳೆಯ ಪಾತ್ರಕ್ಕೆ ಮಣ್ಣು ತುಂಬಿಸಿ ರಸ್ತೆ ಮಾಡಿದರು. ರಸ್ತೆ ಆ ಬಾಗಿನಂತೆಯೇ ಬಾಗಿದೆ, ಯಾಕೆ ಹೀಗೆ ಸುತ್ತಿ ಹೋಗುತ್ತದೆ ಎಂದು ಹೊಸದಾಗಿ ಬಂದವರಿಗೆ ತಿಳಿಯದು. ಬಣ್ಣದ ಕಾರ್ಖಾನೆ ಮುಚ್ಚಿ ಅದರ ಜಾಗದಲ್ಲಿ ಗೋದಾಮುಗಳಾಗಿವೆ. ಹೊಸ ಕಾಲುವೆಗೆ ಡಿಪೋದ ಉದ್ದಕ್ಕೂ ಕಾಂಕ್ರೀಟು ಚಪ್ಪಡಿ ಮುಚ್ಚಿ, ಮೇಲೆ ಗಾಡಿ ನಿಲ್ಲಿಸುತ್ತಾರೆ. ಸೇತುವೆ ಬೇಕಿಲ್ಲವೆಂದು ಕಿತ್ತುಹಾಕಿದರು. ಹಳ್ಳ ಈಗ ಕಾಣುವುದು ಮೇಲಿನ ತೋಟಗಳ ಹತ್ತಿರ ಮತ್ತು ಕೆಳಗೆ ರೈಲು ಸೇತುವೆಯ ಬಳಿ ಮಾತ್ರ.

“ನಲ್ಲಿ ಬಂದದ್ದು ಒಳ್ಳೇದಾಯ್ತಲ್ಲ ದೊಡ್ಡಮ್ಮ,” ಎಂದು ನಾನು ಒಮ್ಮೆ ಹೇಳಿದೆ.

“ಒಳ್ಳೇದೇ,” ಎಂದಳು. “ಹೊರೋ ವಯಸ್ಸಲ್ಲಿ ಬಂದಿದ್ರೆ ಇನ್ನೂ ಒಳ್ಳೇದಿತ್ತು.”

ಈಗ ಅವಳು ಇಸ್ತ್ರಿ ಬಿಟ್ಟಿದ್ದಾಳೆ. ಡಾಕ್ಟರು ನಿಲ್ಲಬೇಡಿ ಎಂದಿದ್ದಾರೆ. ಮುಂದಿನ ಕೋಣೆಯನ್ನು ಡಿಪೋದ ಕ್ಯಾಂಟೀನಿನಲ್ಲಿ ಕೆಲಸ ಮಾಡುತ್ತಿದ್ದ ಹೆಂಗಸೊಬ್ಬಳಿಗೆ ಕೊಟ್ಟಿದ್ದಾಳೆ. ಕ್ಯಾಂಟೀನು ನಿಂತ ಮೇಲೆ ಅವಳೇ ಕರೆಂಟಿನ ಪೆಟ್ಟಿಗೆ ತಂದು ಇಸ್ತ್ರಿ ಶುರು ಮಾಡಿದ್ದಾಳೆ. ಅಡುಗೆಯನ್ನೂ ಇಬ್ಬರಿಗೂ ಸೇರಿಸಿ ಅವಳೇ ಮಾಡುತ್ತಾಳೆ.

ಕಳೆದ ಸಲ ನಾನು ಹೋದಾಗ ಮಧ್ಯಾಹ್ನ. ದೊಡ್ಡಮ್ಮ ಮಂಚದ ಮೇಲೆ ಕಾಲಿಗೆ ಎರಡು ದಿಂಬು ಕೊಟ್ಟು ಮಲಗಿದ್ದಳು. ನಡುವಿನ ಬಾಗಿಲು ತೆರೆದಿತ್ತು. ಕ್ಯಾಂಟೀನಿನವಳು ಮೇಜಿನ ಮೇಲೆ ಬಿಳಿ ಅಂಗಿಯೊಂದನ್ನು ಹರವಿ ಎದೆಯ ಭಾಗದಿಂದ ಶುರು ಮಾಡಿದಳು.

“ಕಾಲರ್ ಮೊದಲು,” ಎಂದಳು ದೊಡ್ಡಮ್ಮ, ಕಣ್ಣು ತೆರೆಯದೆ.

“ಗೊತ್ತು ಅಕ್ಕ.”

“ಗೊತ್ತಿದ್ರೆ ಯಾಕೆ ಮಾಡಲ್ಲ?”

ಅವಳು ಅಂಗಿ ತಿರುಗಿಸಿ ಕಾಲರಿಗೆ ಬಂದಳು. ನಾನು ಮಂಚದ ತುದಿಯಲ್ಲಿ ಕೂತು, ಏಳ್ತೀಯಾ, ಟೀ ಮಾಡಲಾ ಎಂದು ಕೇಳಿದೆ.

“ಮಾಡು. ನನಗೆ ಆಮೇಲೆ,” ಎಂದಳು ದೊಡ್ಡಮ್ಮ. ಗೋಡೆಯ ಕಡೆ ಮಗ್ಗುಲಾದಳು. ನಾನು ನೀರಿಡುವಷ್ಟರಲ್ಲಿ ಅವಳಿಗೆ ನಿದ್ದೆ ಹತ್ತಿತ್ತು. ಹೊರಗೆ ಯಾರೋ ಗಿರಾಕಿ ಬಂದು ಜೋರಾಗಿ ಕೂಗಿದರು. ಕ್ಯಾಂಟೀನಿನವಳು ಬಾಯಿಗೆ ಬೆರಳಿಟ್ಟು ತೋರಿಸಿ, ಮೆಲ್ಲಗೆ ಹೋಗಿ, ಅವರ ಗಂಟನ್ನು ಹೊಸ್ತಿಲಲ್ಲೇ ಇಸಿದುಕೊಂಡಳು.